ಹಿಂಜರಿತದ ಕಾಲದಲ್ಲಿ ಗಡಿನಾಡಿನ ಹಕ್ಕುಗಳು: ಗಡಿ ದಾಟುವುದು ಯಾವುದು, ಊರಲ್ಲೇ ಉಳಿಯುವುದು ಯಾವುದು?

ದೇಶದ ಒಟ್ಟು ಉತ್ಪನ್ನ ಸತತ ಎರಡು ತ್ರೈಮಾಸಿಕಗಳಲ್ಲಿ ಇಳಿದರೆ ಅದನ್ನು ಆರ್ಥಿಕ ಹಿಂಜರಿತ ಎಂದು ಕರೆಯುವುದು ರೂಢಿ. ಭಾರತ 2020ರಲ್ಲಿ ಇದನ್ನು ಕಂಡಿತು. ಆ ವರ್ಷದ ಏಪ್ರಿಲ್-ಜೂನ್ ಅವಧಿಯಲ್ಲಿ ಶೇ. 23.9, ಜುಲೈ-ಸೆಪ್ಟೆಂಬರ್ ಅವಧಿಯಲ್ಲಿ ಶೇ. 7.5 ಕುಸಿತವಾಗಿದೆ ಎಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಮೊದಲ ಅಂದಾಜು ನೀಡಿತ್ತು. 2020-21ರ ಇಡೀ ವರ್ಷದ ಕುಸಿತ ಮೊದಲ ಲೆಕ್ಕದಲ್ಲಿ ಶೇ. 7.3 ಇದ್ದು, ನಂತರದ ಪರಿಷ್ಕರಣೆಯಲ್ಲಿ ಶೇ. 5.8 ಎಂದಾಯಿತು. ಹಳ್ಳಿಗಳಲ್ಲಿ ಈ ಅಂಕಿಗಳನ್ನು ಯಾರೂ ನೋಡಲಿಲ್ಲ. ಅಲ್ಲಿ ಕಂಡದ್ದು ಬೆಂಗಳೂರು, ಪುಣೆಗಳಿಂದ ಗಂಟುಮೂಟೆ ಕಟ್ಟಿಕೊಂಡು ಮರಳಿದ ಮಕ್ಕಳು, ಸದ್ದು ನಿಂತ ಮಗ್ಗಗಳು, ಉದ್ರಿ ಕೊಡಲೊಪ್ಪದ ಕಿರಾಣಿ ಅಂಗಡಿ.

ಇಂತಹ ಹೊತ್ತಿನಲ್ಲಿ ಸರಕಾರದಿಂದ ಜನರಿಗೆ ಬರುವುದು ಎರಡು ಬಗೆ. ಒಂದು, ಘೋಷಣೆಯಾಗಿ ಬರುವ ಪರಿಹಾರ. ಇನ್ನೊಂದು, ಕಾಯ್ದೆಯಲ್ಲಿ ಬರೆದಿರುವ ಹಕ್ಕು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಮಹಿಳೆಯರ ಜನಧನ್ ಖಾತೆಗೆ ತಿಂಗಳಿಗೆ 500 ರೂ. ಬಂತು. ಮೂರು ತಿಂಗಳು ಬಂದು ನಿಂತಿತು. ನಾಲ್ಕನೇ ತಿಂಗಳು ಯಾಕೆ ಇಲ್ಲ ಎಂದು ಕೇಳಲು ಯಾವ ಕಚೇರಿಯೂ ಇರಲಿಲ್ಲ, ಯಾಕೆಂದರೆ ಅದು ಪರಿಹಾರ. ಅದೇ ರೇಷನ್ ಅಕ್ಕಿ ಬಾರದಿದ್ದರೆ ಕೇಳಲು ಕಾಯ್ದೆ ಇದೆ, ದೂರು ಕೇಳುವ ಅಧಿಕಾರಿ ಇದ್ದಾರೆ. ಗಡಿನಾಡಿನವರಿಗೆ ಇನ್ನೂ ಒಂದು ಪ್ರಶ್ನೆ ಸೇರಿಕೊಳ್ಳುತ್ತದೆ. ದುಡಿಮೆ ಒಂದು ರಾಜ್ಯದಲ್ಲಿ, ಕಾರ್ಡು ಇನ್ನೊಂದು ರಾಜ್ಯದಲ್ಲಿ ಇರುವವರಿಗೆ ಆ ಹಕ್ಕು ಎಲ್ಲಿ ಸಿಗುತ್ತದೆ?

ಎಪ್ಪತ್ತೆರಡರ ಬರದಿಂದ ಬಂದದ್ದು

2020ಕ್ಕೆ ಮೊದಲು ಸ್ವತಂತ್ರ ಭಾರತದ ಉತ್ಪನ್ನ ಇಡೀ ವರ್ಷದ ಲೆಕ್ಕದಲ್ಲಿ ಇಳಿದದ್ದು ನಾಲ್ಕು ಸಲ: 1957-58, 1965-66, 1972-73 ಮತ್ತು 1979-80. ನಾಲ್ಕೂ ಸಲ ಮಳೆ ಕೈಕೊಟ್ಟಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಿರಿಯರಿಗೆ ಇವುಗಳಲ್ಲಿ 72ರ ಬರ ಇಂದಿಗೂ ಲೆಕ್ಕ ಹಿಡಿಯುವ ಗುರುತು. ಹೊರದೇಶದಿಂದ ಬಂದ ಕೆಂಪು ಮಿಲೊ ಜೋಳ, ಬರಗಾಲದ ಕಾಮಗಾರಿಯಲ್ಲಿ ಒಡೆದ ಖಡಿ, ಕೆಲಸದ ಜಾಗದಲ್ಲಿ ಹಂಚಿದ ಸುಕಡಿ ಆ ಕಾಲದ ಮಾತುಗಳು.

ಆ ಕಾಮಗಾರಿಗಳಿಂದಲೇ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಬೆಳೆಯಿತು. ಅದಕ್ಕೆ ರೂಪ ಕೊಟ್ಟವರು ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ, ಸಾಂಗ್ಲಿ ಜಿಲ್ಲೆಯ ವಿ. ಸ. ಪಾಗೆ. 1960ರ ದಶಕದಲ್ಲೇ ತಾಸಗಾಂವ ಭಾಗದಲ್ಲಿ ಇದರ ಪ್ರಯೋಗ ನಡೆದಿತ್ತು. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದವರಿಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದು ದೇಶದಲ್ಲಿ ಕಾಯ್ದೆ ಮಾಡಿದ ಮೊದಲ ರಾಜ್ಯ ಅದು. ಖರ್ಚಿಗಾಗಿ ಪಟ್ಟಣದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಲಾಯಿತು. ಮುಂದೆ 2005ರಲ್ಲಿ ಕೇಂದ್ರ ಸರಕಾರ ತಂದ ಉದ್ಯೋಗ ಖಾತರಿ ಕಾಯ್ದೆಗೆ ಇದೇ ಮಾದರಿ.

ಬರದ ಕಾಮಗಾರಿ ಅಂದರೆ ಧರ್ಮಕ್ಕೆ ಕೊಡುವ ಕೂಲಿ, ಎಷ್ಟು ಕೊಟ್ಟರೂ ಸರಿ ಎಂಬ ಭಾವನೆ ಕಚೇರಿಗಳಲ್ಲಿ ಇತ್ತು. ರಾಜಸ್ಥಾನವಂತೂ ಬರ ಪರಿಹಾರದ ಕೆಲಸಗಳಿಗೆ ಕಾರ್ಮಿಕ ಕಾನೂನು ಅನ್ವಯಿಸದಂತೆ 1964ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. ಅಲ್ಲಿ ರಸ್ತೆ ಕೆಲಸ ಮಾಡಿದ ಮಹಿಳೆಯರಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. 1983ರ ಸಂಜಿತ್ ರಾಯ್ ಪ್ರಕರಣದ ತೀರ್ಪಿನಲ್ಲಿ, ಬರದಲ್ಲಿ ಸಿಲುಕಿದವರ ಅಸಹಾಯಕತೆಯ ಲಾಭವನ್ನು ಸರಕಾರ ಪಡೆಯುವಂತಿಲ್ಲ, ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಹಿಂಜರಿತದ ಕಾಲದ ಹಕ್ಕುಗಳ ಬಗ್ಗೆ ನಮ್ಮ ದೇಶದಲ್ಲಿ ಬಂದ ತೀರ್ಪುಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ.

ಕೆಲಸ: ಗಡಿ ದಾಟದ ಹಕ್ಕು

2005ರ ಉದ್ಯೋಗ ಖಾತರಿ ಕಾಯ್ದೆ ಗಡಿ ಊರುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಪರಿಚಿತ. ಕಾಸರಗೋಡಿನಲ್ಲಿ ತೊಳಿಲುರಪ್ಪ್, ಹೊಸೂರು-ತಾಳವಾಡಿಯಲ್ಲಿ ನೂರು ನಾಳ್ ವೇಲೆ, ಆದೋನಿ-ಮಡಕಶಿರದಲ್ಲಿ ಉಪಾಧಿ ಹಾಮಿ. 2020-21ರ ಹಿಂಜರಿತದಲ್ಲಿ ಹಳ್ಳಿಗಳನ್ನು ಹಿಡಿದು ನಿಲ್ಲಿಸಿದ್ದು ಬಹುಮಟ್ಟಿಗೆ ಇದೇ. ಬಜೆಟ್ಟಿನಲ್ಲಿ ಇಟ್ಟಿದ್ದ 61,500 ಕೋಟಿ ರೂಪಾಯಿಗೆ ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಸೇರಿಸಬೇಕಾಯಿತು. ಹಿಂದಿನ ವರ್ಷ 265 ಕೋಟಿ ಇದ್ದ ಮಾನವ ದಿನಗಳು ಸುಮಾರು 389 ಕೋಟಿಗೆ ಏರಿದವು. ಸುಮಾರು ಏಳೂವರೆ ಕೋಟಿ ಕುಟುಂಬಗಳು ಕೆಲಸ ಮಾಡಿದವು. ಕೇಳಿದವರಿಗೆ ಕೊಡಲೇಬೇಕು ಎಂಬ ಕಾಯ್ದೆ ಇದ್ದುದರಿಂದಲೇ ಹಣ ಹುಡುಕಬೇಕಾಯಿತು. ಹಾಗೆಂದು ಎಲ್ಲರಿಗೂ ನೂರು ದಿನ ಸಿಗಲಿಲ್ಲ. ಕುಟುಂಬಕ್ಕೆ ಸರಾಸರಿ 52 ದಿನವೂ ಆಗಲಿಲ್ಲ.

ಒಂದೇ ಕೆಲಸಕ್ಕೆ ಗಡಿಯ ಆಚೆ ಈಚೆ ಕೂಲಿ ಬೇರೆ. 2020-21ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 275 ರೂ. ಇದ್ದರೆ ಕೇರಳದಲ್ಲಿ 291, ಗೋವಾದಲ್ಲಿ 280, ತಮಿಳುನಾಡಿನಲ್ಲಿ 256, ಮಹಾರಾಷ್ಟ್ರದಲ್ಲಿ 238, ಆಂಧ್ರ ಮತ್ತು ತೆಲಂಗಾಣಗಳಲ್ಲಿ 237 ರೂ. ಇತ್ತು. ಅಂದರೆ ಅಕ್ಕಲಕೋಟೆಯ ಹೊಲದಲ್ಲಿ ಬದು ಹಾಕಿದವರಿಗೂ ಪಕ್ಕದ ಆಳಂದ ತಾಲೂಕಿನಲ್ಲಿ ಬದು ಹಾಕಿದವರಿಗೂ ದಿನಕ್ಕೆ 37 ರೂಪಾಯಿ ವ್ಯತ್ಯಾಸ. ಮಣ್ಣು ಒಂದೇ, ಗುದ್ದಲಿಯೂ ಒಂದೇ.

ಹೆಚ್ಚು ಕೂಲಿ ಇದೆಯೆಂದು ಆಚೆ ಹೋಗಿ ಕೇಳುವಂತಿರಲಿಲ್ಲ. ಜಾಬ್ ಕಾರ್ಡ್ ಕೊಡುವುದು ವಾಸವಿರುವ ಊರಿನ ಪಂಚಾಯತು. ಆದೋನಿ ಕಡೆಯಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದವರು, ಜತ್ತದಿಂದ ಕಬ್ಬು ಕಡಿಯಲು ಹೋದವರು, ಅಲ್ಲಿ ಕೆಲಸ ನಿಂತರೆ ಅಲ್ಲಿನ ಪಂಚಾಯತಿನಲ್ಲಿ ಈ ಕೆಲಸ ಕೇಳಲಾಗುತ್ತಿರಲಿಲ್ಲ. ಊರಿಗೆ ಮರಳಬೇಕಿತ್ತು. 2020ರ ಏಪ್ರಿಲ್, ಮೇ ತಿಂಗಳಲ್ಲಿ ಜನ ನಡೆದುಕೊಂಡೇ ಊರಿಗೆ ಹೊರಟದ್ದಕ್ಕೆ ಇದೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಕಾಯ್ದೆಯ 7ನೇ ಕಲಂ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಸಿಗಬೇಕಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಈ ಭತ್ಯೆ ಪಡೆದವರನ್ನು ಹುಡುಕಬೇಕು. ಕೂಲಿಯ ಹಣ ಕೇಂದ್ರದ್ದು, ಭತ್ಯೆಯ ಹಣ ರಾಜ್ಯದ್ದು. ಆದ್ದರಿಂದ ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಡಲು ಎಷ್ಟೋ ಕಡೆ ಮನಸ್ಸೇ ಇರಲಿಲ್ಲ. ರಸೀದಿ ಇಲ್ಲದಿದ್ದರೆ 15 ದಿನ ಯಾವತ್ತಿನಿಂದ ಎಣಿಸುವುದು?

ಇಲ್ಲಿ ಇನ್ನೊಂದು ಕೊರತೆಯನ್ನೂ ಹೇಳಬೇಕು. ಬರ ಎಂದು ಸರಕಾರ ಘೋಷಿಸಿದ ತಾಲೂಕುಗಳಿಗೆ ನೂರು ದಿನದ ಮೇಲೆ 50 ದಿನ ಹೆಚ್ಚುವರಿ ಕೆಲಸ ಕೊಡುವ ಅವಕಾಶ ಇತ್ತು. ಬರವನ್ನು ಘೋಷಿಸಲು ಮಳೆಯ ಲೆಕ್ಕ, ಬೆಳೆಯ ಆಣೆವಾರಿ ಇವೆ. ಹಿಂಜರಿತವನ್ನು ತಾಲೂಕಿಗೆ ಘೋಷಿಸುವ ಪದ್ಧತಿ ಇಲ್ಲ. 2020ರಲ್ಲಿ ದಿನಗಳನ್ನು ಹೆಚ್ಚಿಸಬೇಕೆಂಬ ಬೇಡಿಕೆ ಎದ್ದರೂ ದೇಶದ ಮಟ್ಟದಲ್ಲಿ ನೂರು ನೂರಾಗಿಯೇ ಉಳಿಯಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ದಿನಗಳು 125ಕ್ಕೆ ಏರಿವೆ. ಆದರೆ ಖರ್ಚನ್ನು ಕೇಂದ್ರ ಶೇ. 60, ಹೆಚ್ಚಿನ ರಾಜ್ಯಗಳು ಶೇ. 40ರಂತೆ ಹಂಚಿಕೊಳ್ಳಬೇಕು, ಕೇಂದ್ರ ಪ್ರತಿ ರಾಜ್ಯಕ್ಕೆ ಮೊದಲೇ ಒಂದು ಮೊತ್ತ ಗೊತ್ತುಮಾಡುತ್ತದೆ, ಅದನ್ನು ಮೀರಿದ ಹೊರೆ ರಾಜ್ಯದ್ದು, ಬಿತ್ತನೆ-ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನದವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶವಿದೆ. ಹಿಂಜರಿತದಲ್ಲಿ ರಾಜ್ಯಗಳ ತೆರಿಗೆ ಆದಾಯವೇ ಮೊದಲು ಬೀಳುತ್ತದೆ. ಕೆಲಸ ಕೇಳುವವರು ಹೆಚ್ಚುವುದೂ ಆಗಲೇ. 2020ರಲ್ಲಿ ಕೇಂದ್ರ ಮಧ್ಯದಲ್ಲಿ 40,000 ಕೋಟಿ ಸೇರಿಸಿದಂತೆ ಮುಂದಿನ ಹಿಂಜರಿತದಲ್ಲಿ ಯಾರು ಸೇರಿಸುತ್ತಾರೆ ಎಂಬುದು ಹೊಸ ಕಾಯ್ದೆಯ ನಿಜವಾದ ಪರೀಕ್ಷೆ.

ರೇಷನ್: ಗಡಿ ದಾಟುವ ಹಕ್ಕು

ಅನ್ನದ ವಿಚಾರ ಇಷ್ಟು ಕಷ್ಟವಿಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ ಇದ್ದಾಗ ಸರಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿತ್ತು. ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಆದೇಶದಿಂದ ರೇಷನ್, ಅಂಗನವಾಡಿ ಆಹಾರ, ಶಾಲೆಯ ಬಿಸಿಯೂಟ ಮುಂತಾದವು ಯೋಜನೆಯ ಮಟ್ಟದಿಂದ ಹಕ್ಕಿನ ಮಟ್ಟಕ್ಕೆ ಏರಿದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನೇ ಕಾನೂನಾಗಿಸಿತು: ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ.

2020ರ ಏಪ್ರಿಲ್‌ನಿಂದ ಇದರ ಮೇಲೆ ತಲೆಗೆ ಇನ್ನೂ 5 ಕಿಲೋ ಉಚಿತವಾಗಿ ಬಂತು. ಆ ಹೆಚ್ಚುವರಿ 2022ರ ಡಿಸೆಂಬರ್‌ಗೆ ಮುಗಿಯಿತು. ಆದರೆ 2023ರ ಜನವರಿಯಿಂದ ಕಾಯ್ದೆಯ ಮೂಲ ಧಾನ್ಯವೇ ಉಚಿತವಾಗಿದ್ದು, 2024ರ ಜನವರಿಯಿಂದ ಐದು ವರ್ಷ ಅದನ್ನು ಮುಂದುವರಿಸಲಾಗಿದೆ.

ಗಡಿ ದಾಟುವ ವ್ಯವಸ್ಥೆಗೆ ‘ಒಂದು ದೇಶ ಒಂದು ರೇಷನ್ ಕಾರ್ಡ್’ ಎಂದು ಹೆಸರು. 2020ರ ಜನವರಿ 1ರ ಹೊತ್ತಿಗೆ ಕರ್ನಾಟಕ, ಕೇರಳ, ಗೋವಾ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಸೇರಿ 12 ರಾಜ್ಯಗಳು ಇದರೊಳಗೆ ಬಂದಿದ್ದವು. ತಮಿಳುನಾಡು ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೇರಿತು. ವಲಸೆ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು, ಉಳಿದ ರಾಜ್ಯಗಳೂ ಜುಲೈ 31ರೊಳಗೆ ಜಾರಿಮಾಡಬೇಕೆಂದು ಆದೇಶಿಸಿತು. 2022ರ ಜೂನ್ ಹೊತ್ತಿಗೆ ದೇಶವಿಡೀ ಬಂದಿತು. ಸೊಲ್ಲಾಪುರದ ಕಾರ್ಡಿನವರು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಮನೆಯ ಮಂದಿ ಎರಡು ಕಡೆ ಇದ್ದರೆ ಸ್ವಲ್ಪ ಅಲ್ಲಿ, ಉಳಿದದ್ದು ಊರಿನಲ್ಲಿ ತೆಗೆದುಕೊಳ್ಳುವುದಕ್ಕೂ ಬರುತ್ತದೆ.

ಎಲ್ಲಾ ಕಾರ್ಡುಗಳೂ ಗಡಿ ದಾಟುವುದಿಲ್ಲ ಎಂಬುದನ್ನು ಅಂಗಡಿಯವರು ಬಿಡಿಸಿ ಹೇಳುವುದಿಲ್ಲ. ಕೇಂದ್ರ ಕಾಯ್ದೆಯಡಿ ಬರುವ ಕಾರ್ಡುಗಳಿಗೆ ಮಾತ್ರ ಈ ಸೌಲಭ್ಯ. ಕೇರಳದಲ್ಲಿ ಹಳದಿ ಮತ್ತು ಗುಲಾಬಿ ಕಾರ್ಡುಗಳು ಇದರಲ್ಲಿ ಬರುತ್ತವೆ, ನೀಲಿ ಮತ್ತು ಬಿಳಿ ಬರುವುದಿಲ್ಲ. ತಮಿಳುನಾಡಿನಲ್ಲಿ ಬಹುತೇಕ ಎಲ್ಲರಿಗೂ ಕಾರ್ಡ್ ಇದ್ದರೂ, ಅದರ ಮೇಲೆ ಎನ್‌ಪಿಎಚ್‌ಎಚ್ ಎಂದು ಬರೆದಿದ್ದರೆ ಹೊರ ರಾಜ್ಯದಲ್ಲಿ ನಡೆಯದು. ಮಹಾರಾಷ್ಟ್ರದ ಕೇಸರಿ ಕಾರ್ಡುಗಳಲ್ಲಿ, ಆಂಧ್ರದ ರೈಸ್ ಕಾರ್ಡುಗಳಲ್ಲಿ ಕೆಲವು ಕೇಂದ್ರದ ಪಟ್ಟಿಯಲ್ಲಿವೆ, ಕೆಲವು ಇಲ್ಲ. ರಾಜ್ಯಗಳು ತಮ್ಮ ಖರ್ಚಿನಲ್ಲಿ ಕೊಡುವ ಹೆಚ್ಚುವರಿಯೂ ಹೊರಗೆ ಸಿಗುವುದಿಲ್ಲ. 2020ರಲ್ಲಿ ಕೇರಳ ಎಲ್ಲಾ ಕಾರ್ಡುದಾರರಿಗೆ ದಿನಸಿ ಕಿಟ್ ಹಂಚಿದಾಗ ಅದು ಮಂಜೇಶ್ವರದಲ್ಲಿ ಸಿಕ್ಕಿತು, ಮಂಗಳೂರಿನಲ್ಲಿ ಬಾಡಿಗೆಗಿದ್ದ ಮಂಜೇಶ್ವರದವರಿಗೆ ಅಲ್ಲಿ ಸಿಗಲಿಲ್ಲ.

ಕಾರ್ಡೇ ಇಲ್ಲದವರ ಸಂಗತಿಯೂ ಇದೆ. 2016ರ ಬರದಲ್ಲಿ ಸ್ವರಾಜ್ ಅಭಿಯಾನ್ ಪ್ರಕರಣದ ತೀರ್ಪು ನೀಡುತ್ತಾ ಸುಪ್ರೀಂ ಕೋರ್ಟ್, ಬರಪೀಡಿತ ಪ್ರದೇಶದ ಯಾವ ಕುಟುಂಬಕ್ಕೂ ಕೇವಲ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಧಾನ್ಯ ನಿರಾಕರಿಸಬಾರದು, ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯಬೇಕು, ಹಣವಿಲ್ಲ ಎಂಬ ನೆಪ ಸಲ್ಲದು ಎಂದಿತ್ತು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ನಾಲ್ಕೂ ಆ ಪ್ರಕರಣದಲ್ಲಿದ್ದವು. ಇ-ಶ್ರಮ್‌ನಲ್ಲಿ ಹೆಸರಿದ್ದು ಕಾರ್ಡ್ ಇಲ್ಲದ ಕಾರ್ಮಿಕರಿಗೆ ರೇಷನ್ ಕಾರ್ಡ್ ಕೊಡಬೇಕೆಂದು ಅದೇ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಹೇಳಿತು.

ದುಡಿಮೆಯ ಗಂಟೆ

ಹಿಂಜರಿತ ಬಂದಾಗ ಕಾರ್ಖಾನೆಗಳ ಮಾಲೀಕರು ಮೊದಲು ಕೇಳುವುದು ದುಡಿಮೆಯ ಹೊತ್ತು ಹೆಚ್ಚಿಸಲು. 2020ರ ಏಪ್ರಿಲ್ 17ರಂದು ಗುಜರಾತ್ ಸರಕಾರ ದಿನಕ್ಕೆ 12 ಗಂಟೆಯ ಕೆಲಸಕ್ಕೆ ಅವಕಾಶ ಕೊಟ್ಟು, ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ಕೂಲಿಯ ಬದಲು ಮಾಮೂಲಿ ಕೂಲಿ ಸಾಕು ಎಂದಿತು. ಕರ್ನಾಟಕವೂ ಮೇ 22ರಂದು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿತು. ಹೊಸೂರಿನಿಂದ ದಿನವೂ ಅತ್ತಿಬೆಲೆ, ಬೊಮ್ಮಸಂದ್ರಕ್ಕೆ ಹೋಗಿ ಬರುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಕರ್ನಾಟಕ ಜೂನ್ 11ರಂದು ಆದೇಶ ಹಿಂಪಡೆಯಿತು. ಗುಜರಾತಿನದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆರ್ಥಿಕ ಕುಸಿತವು ಕಾರ್ಖಾನೆ ಕಾಯ್ದೆ ಹೇಳುವ ‘ಸಾರ್ವಜನಿಕ ತುರ್ತು ಪರಿಸ್ಥಿತಿ’ ಆಗುವುದಿಲ್ಲ ಎಂದು 2020ರ ಅಕ್ಟೋಬರ್ 1ರಂದು ತೀರ್ಪು ಬಂದು, ದುಡಿಸಿಕೊಂಡ ಹೆಚ್ಚುವರಿ ಹೊತ್ತಿಗೆ ಪೂರ್ತಿ ಕೂಲಿ ಕೊಡಿಸಲಾಯಿತು. ಆ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ತಲಪಾಡಿಯ ಮಣ್ಣಿನ ರಾಶಿ

ಆರೋಗ್ಯದ ಹಕ್ಕು ಗಡಿಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಡಯಾಲಿಸಿಸ್, ಹೃದಯದ ಚಿಕಿತ್ಸೆ ಎಲ್ಲಕ್ಕೂ ಮಂಗಳೂರನ್ನೇ ನಂಬಿದ ಜಿಲ್ಲೆ ಅದು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿತು. ಆಸ್ಪತ್ರೆ ತಲುಪಲಾಗದೆ ಹಲವು ರೋಗಿಗಳು ತೀರಿಕೊಂಡ ವರದಿಗಳು ಬಂದವು. ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದ ಕೇರಳ ಹೈಕೋರ್ಟ್, ಅಡೆತಡೆ ತೆಗೆಸುವಂತೆ ಏಪ್ರಿಲ್ 1ರಂದು ಕೇಂದ್ರಕ್ಕೆ ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ತಲಪಾಡಿಯಲ್ಲಿ ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆ ಒಪ್ಪಿದ ಮೇಲೆ ಏಪ್ರಿಲ್ 7ರಂದು ಮುಗಿಯಿತು. ಹಕ್ಕು ಉಳಿಯಿತು ಎನ್ನಬಹುದು. ಆದರೆ ಹತ್ತು ಹನ್ನೆರಡು ದಿನ ತಡವಾಗಿ.

ಹೊರಗಿನ ಒಂದು ತೀರ್ಪು, ಒಳಗಿನ ಇನ್ನೂರು ರೂಪಾಯಿ

ಹಣವಿಲ್ಲದಾಗ ಸರಕಾರ ಹಕ್ಕನ್ನು ಕಡಿಮೆ ಮಾಡಬಹುದೇ? ಭಾರತ 1979ರಲ್ಲಿ ಸೇರಿದ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆ, ದೇಶ ತನ್ನ ಕೈಲಾದಷ್ಟು ಸಂಪನ್ಮೂಲ ಬಳಸಿ ಹಂತಹಂತವಾಗಿ ಈ ಹಕ್ಕುಗಳನ್ನು ಈಡೇರಿಸಬೇಕು ಎನ್ನುತ್ತದೆ. ಅದರ ಮೇಲ್ವಿಚಾರಣೆ ನಡೆಸುವ ವಿಶ್ವಸಂಸ್ಥೆಯ ಸಮಿತಿ, ಹಿಂಜರಿತದಲ್ಲಿ ಹಣದ ಕೊರತೆ ಎಷ್ಟೇ ಇದ್ದರೂ ದುರ್ಬಲರನ್ನು ಕಾಪಾಡುವ ಹೊಣೆ ತಪ್ಪದು ಎಂದು 1990ರಲ್ಲೇ ಬರೆಯಿತು. ಕಡಿತ ಮಾಡಲೇಬೇಕಾದರೆ ಅದು ತಾತ್ಕಾಲಿಕವಾಗಿರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಭೇದಭಾವ ಇರಬಾರದು, ಕನಿಷ್ಠ ಮಟ್ಟವನ್ನು ಮುಟ್ಟಬಾರದು ಎಂದು 2012ರಲ್ಲಿ ಹೇಳಿತು.

ಯುರೋಪಿನ ಲಾಟ್ವಿಯಾದಲ್ಲಿ ಈ ಪ್ರಶ್ನೆ ನ್ಯಾಯಾಲಯದಲ್ಲೇ ತೀರ್ಮಾನವಾಯಿತು. 2009ರ ದೊಡ್ಡ ಕುಸಿತದಲ್ಲಿ ಅಲ್ಲಿನ ಸರಕಾರ ಸಾಲ ಕೊಟ್ಟವರ ಒತ್ತಾಯದ ನಡುವೆ ಪಿಂಚಣಿಯನ್ನು ಶೇ. 10ರಷ್ಟು, ಪಿಂಚಣಿಯ ಜತೆ ಕೆಲಸವನ್ನೂ ಮಾಡುತ್ತಿದ್ದವರಿಗೆ ಶೇ. 70ರಷ್ಟು ಕಡಿತ ಮಾಡಿತು. ಸಾಲಗಾರರ ಷರತ್ತು ಸಂವಿಧಾನದ ಹಕ್ಕಿಗಿಂತ ದೊಡ್ಡದಲ್ಲ, ಬೇರೆ ದಾರಿ ಇತ್ತೇ ಎಂದು ಸರಕಾರ ಯೋಚಿಸಲೇ ಇಲ್ಲ ಎಂದ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಡಿಸೆಂಬರ್ 21ರಂದು ಕಡಿತ ರದ್ದುಮಾಡಿ, ಹಿಡಿದಿಟ್ಟ ಹಣ ಮರಳಿಸಲು ಹೇಳಿತು.

ನಮ್ಮಲ್ಲಿ ವೃದ್ಧಾಪ್ಯ ಪಿಂಚಣಿಯನ್ನು ಯಾರೂ ಕಡಿತ ಮಾಡಲಿಲ್ಲ. 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂ. 2007ರಲ್ಲೂ ಅಷ್ಟೇ ಇತ್ತು, 2025ರಲ್ಲೂ ಅಷ್ಟೇ ಇತ್ತು. ಬೆಲೆ ಏರುತ್ತಾ ಹೋದಂತೆ ಅದು ತಾನೇ ಕರಗಿತು. ಮೇಲಿನ ಹಣವನ್ನು ರಾಜ್ಯಗಳು ತಮಗೆ ತೋಚಿದಷ್ಟು ಸೇರಿಸುವುದರಿಂದ ಗಡಿಯ ಎರಡು ಮಗ್ಗುಲಿನ ಇಬ್ಬರು ಅಜ್ಜಿಯರಿಗೆ ಬರುವ ಮೊತ್ತವೂ ಬೇರೆ ಬೇರೆ. ಒಮ್ಮೆಲೇ ಕತ್ತರಿಸಿದರೆ ಕೋರ್ಟಿಗೆ ಹೋಗಬಹುದು, ಹೀಗೆ ಕರಗಿದ್ದಕ್ಕೆ ಯಾವ ಬಾಗಿಲು ತಟ್ಟುವುದು?

ಅರ್ಜಿ ಯಾವ ಭಾಷೆಯಲ್ಲಿ?

ಹಕ್ಕು ಕೇಳುವುದಕ್ಕೆ ಕಾಗದ ಬೇಕು. ಗಡಿನಾಡಿನ ಕಚೇರಿಗಳಲ್ಲಿ ಅರ್ಜಿ ನಮೂನೆ ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ. ಮಾತು ಬಂದರೂ ಬರವಣಿಗೆ ಬಾರದವರು ಮಧ್ಯವರ್ತಿಗೆ ಹಣ ಕೊಡುತ್ತಾರೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಅಕ್ಕಲಕೋಟೆಯ ತಹಸೀಲ ಕಚೇರಿಯಲ್ಲಾಗಲಿ, ಮಂಜೇಶ್ವರದ ಪಂಚಾಯತಿನಲ್ಲಾಗಲಿ, ರಾಯದುರ್ಗದ ಮಂಡಲ ಕಚೇರಿಯಲ್ಲಾಗಲಿ, ಕನ್ನಡದಲ್ಲಿ ಬರೆದ ದೂರನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಉತ್ತರ ಕನ್ನಡದಲ್ಲೇ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಅಲ್ಲಿಗೆ ಎರಡನೇ ಭಾಷೆ ಬೇಕಾಗುತ್ತದೆ.

ರೇಷನ್ ದೂರು ಮೊದಲು ಹೋಗಬೇಕಾದದ್ದು ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿ ಪರಿಹಾರವಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ. ಧಾನ್ಯವೇ ಪೂರೈಕೆಯಾಗದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಕಾಯ್ದೆಯ 8ನೇ ಕಲಮಿನಲ್ಲಿದೆ. ದೂರಿನ ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು.